ಗೊರಕೆಯಷ್ಟೇ ನೆನಪು

2025ರ ಜುಲೈನಲ್ಲಿ ಹಿನಕಲ್‌ನ ಚಹಾದಂಗಡಿಯೊಂದರಲ್ಲಿ ಟಿವಿ ನೋಡುತ್ತಾ ಕುಳಿತಿದ್ದೆವು. 260 ಜೀವಗಳನ್ನು ಬಲಿ ಪಡೆದ ಅಹಮದಾಬಾದ್ ವಿಮಾನ ದುರಂತದ ಪ್ರಾಥಮಿಕ ವರದಿ ಬಂದಿತ್ತು. ಇಂಧನದ ಸ್ವಿಚ್ ಆಫ್ ಮಾಡಿದ್ದೇಕೆ ಎಂದು ಒಬ್ಬ ಪೈಲಟ್ ಕೇಳಿದ್ದರು, ನಾನು ಮಾಡಿಲ್ಲ ಎಂದಿದ್ದರು ಇನ್ನೊಬ್ಬರು. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂಬುದು ವರದಿಯಲ್ಲಿರಲಿಲ್ಲ. ಚರ್ಚೆಗೆ ಕುಳಿತವರಿಗೆ ಮಾತ್ರ ಅದೂ ಗೊತ್ತಿತ್ತು!

"ನಮ್ಮ ಮಂಗಳೂರಿನಲ್ಲೂ ಪೈಲಟ್ ನಿದ್ದೆ ಮಾಡಿದ್ದಕ್ಕೇ ಅಲ್ವಾ ಸಾರ್ ಬಿದ್ದಿದ್ದು?" ಎಂದರು ಪಕ್ಕದವರು.

ಅಷ್ಟೇ ಆಗಿತ್ತೇ? 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿ 158 ಮಂದಿ ಸತ್ತರು. ಬದುಕುಳಿದವರು 8 ಮಂದಿ. ಆಗ ಮೊದಲು ಗುಡ್ಡದ ಮೇಲಿನ ರನ್‌ವೇಯೇ ಅಪರಾಧಿಯಾಯಿತು. 2,450 ಮೀಟರಿನ ಆ ರನ್‌ವೇ ಅಂಥ ವಿಮಾನಕ್ಕೆ ಸಾಕಾಗುವಷ್ಟಿತ್ತು. ತನಿಖಾ ವರದಿ ಬಂದ ಮೇಲೆ ಕ್ಯಾಪ್ಟನ್‌ನ ಗೊರಕೆ ಸುದ್ದಿಯಾಯಿತು. ಗೊರಕೆ ನಿಜ. ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದೂ, ಕ್ಯಾಪ್ಟನ್ ಕೇಳದೇ ಹೋದದ್ದೂ ನಿಜ. ಆದರೆ ಅದೇ ವರದಿಯಲ್ಲಿ ಇನ್ನೂ ಎರಡು ಮಾತುಗಳಿವೆ. ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಎಂದಿಗಿಂತ ತಡವಾಗಿ ಅನುಮತಿ ಸಿಕ್ಕಿತ್ತು. ಸೂಚನೆಗಳು ಗೊಂದಲಮಯವಾಗಿದ್ದುದರಿಂದಲೇ ಬಹುಶಃ ಸಹಪೈಲಟ್ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಇವಕ್ಕೆ ಉತ್ತರ ಕೊಡಬೇಕಾದವರು ಸತ್ತ ಪೈಲಟ್‌ಗಳಲ್ಲ, ಬದುಕಿರುವ ಅಧಿಕಾರಿಗಳು. ಗಲ್ಫ್‌ನಿಂದ ಬರುವ ಮಕ್ಕಳಿಗಾಗಿ ಕಾದಿದ್ದ ಕರಾವಳಿಯ, ಕಾಸರಗೋಡಿನ ಮನೆಗಳಿಗೆ ಬೇಕಾಗಿದ್ದುದು ಆ ಉತ್ತರ. ಟಿವಿಯಲ್ಲಿ ಅದು ಚರ್ಚೆಯಾದದ್ದು ನನಗಂತೂ ನೆನಪಿಲ್ಲ.

ಪಕ್ಕದವರಿಗೆ ರಾಡಾರಿನ ವಿಷಯ ಹೇಳಿದೆ. ಹದಿನೈದು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.