ರನ್ನನ ಋಣ: ‘ಗದಾಯುದ್ಧ’ದ ಸ್ವೋಪಜ್ಞತೆಯನ್ನು ಕುರಿತು

ರನ್ನನ ‘ಸಾಹಸಭೀಮವಿಜಯ’ವನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರೆಲ್ಲರಿಗೂ ಪರಿಚಿತವಾದ ಪ್ರಶ್ನೆಯೊಂದುಂಟು: ಈ ಕಾವ್ಯದಲ್ಲಿ ಕವಿಯ ಸ್ವಂತದ್ದು ಎಷ್ಟು? ವಿದ್ವಾಂಸರು ಇದರ ಪದ್ಯಗಳ ಎದುರಿಗೆ ಪಂಪಭಾರತದ ಪದ್ಯಗಳನ್ನೂ ಭಟ್ಟನಾರಾಯಣನ ‘ವೇಣೀಸಂಹಾರ’ದ ಶ್ಲೋಕಗಳನ್ನೂ ಇಟ್ಟು ತೋರಿಸಿದ್ದಾರೆ. ಆ ಶ್ರಮ ಉಪಕಾರಕವಾದುದೇ ಸರಿ. ಆದರೆ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅದು ಜಮಾಖರ್ಚಿನ ರೂಪವನ್ನು ತಾಳುತ್ತದೆ. ಇಷ್ಟು ಪಂಪನದು, ಇಷ್ಟು ಭಟ್ಟನಾರಾಯಣನದು, ಉಳಿದದ್ದು ರನ್ನನದು. ಹೀಗೆ ಕಳೆಯುತ್ತ ಹೋದರೆ ಕವಿಗೆ ಕಟ್ಟಕಡೆಗೆ ದಕ್ಕುವುದು ಶಬ್ದಗಳ ಆರ್ಭಟವೊಂದೇ. ನಮ್ಮ ಅಭಿಪ್ರಾಯದಲ್ಲಿ ಈ ವ್ಯವಕಲನಕ್ರಮವೇ ದೋಷಯುಕ್ತವಾದುದು.

ಈ ವಿಷಯದಲ್ಲಿ ಪ್ರಾಚೀನರು ನಮಗಿಂತ ಸೂಕ್ಷ್ಮಜ್ಞರಾಗಿದ್ದರು. ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳ ನಡುವಣ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬ ಮನುಷ್ಯನನ್ನು ಹೋಲುವ ಇನ್ನೊಬ್ಬ ಮನುಷ್ಯನಂಥದು. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ, ಏಕೆಂದರೆ ಅಲ್ಲಿ ರೂಪ ಹೋಲಿದರೂ ಜೀವ ಬೇರೆ. ರಾಜಶೇಖರನಂತೂ ‘ಕಾವ್ಯಮೀಮಾಂಸೆ’ಯಲ್ಲಿ ಹರಣದ ಪ್ರಭೇದಗಳನ್ನು ಅಧ್ಯಾಯಗಟ್ಟಲೆ ಎಣಿಸುತ್ತಾನೆ. (ಎಣಿಸುವ ಉತ್ಸಾಹ ಅಲ್ಲಿ ತುಸು ಅತಿಯಾಯಿತೆಂದೇ ಹೇಳಬೇಕು.) ಸ್ವತಃ ರನ್ನನು ವಾಗ್ದೇವಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ಹೆಮ್ಮೆಪಡುತ್ತಾನೆ. ಒಳಗಿನ ಒಡವೆಗಳನ್ನು ತಾನೇ ಮಾಡಿದೆನೆಂದು ಅವನು ಹೇಳಿಕೊಳ್ಳಲಿಲ್ಲವೆಂಬುದು ಗಮನಾರ್ಹವಾಗಿದೆ.

ಅವನ ಋಣವಾದರೂ ಅಲ್ಪವಾದುದಲ್ಲ. ಪಂಪನು 941ರ ‘ವಿಕ್ರಮಾರ್ಜುನವಿಜಯ’ದಲ್ಲಿ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು, ರನ್ನನು ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಉಪಾಯ ಪಂಪನದೇ. ಕಥೆಯೂ ಪಂಪನ ಹದಿಮೂರನೆಯ ಆಶ್ವಾಸದಲ್ಲಿ ಅಡಕವಾಗಿ ಇದ್ದದ್ದೇ. ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತ ಭೀಮನ ಕ್ರೋಧವನ್ನು ಕಟ್ಟುವ ಪ್ರಾರಂಭಭಾಗ ಭಟ್ಟನಾರಾಯಣನಿಂದ ಬಂದುದು. ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ವಿಮರ್ಶೆಯ ಕೆಲಸ ಮೊದಲಾಗುತ್ತದೆ.

ಒಂದು ಆಶ್ವಾಸವನ್ನು ಹತ್ತು ಆಶ್ವಾಸಗಳಾಗಿ ಬೆಳೆಸಿದ್ದು ಬರಿಯ ವಿಸ್ತರಣವಲ್ಲ. ಪಂಪನಲ್ಲಿ ಗದಾಯುದ್ಧವು ಬರುವ ವೇಳೆಗೆ ಕರ್ಣನು ಮಡಿದಿದ್ದಾನೆ. ವಾಚಕನ ಕಣ್ಣೀರು ಅವನಿಗಾಗಿ ಸಂದುಹೋಗಿದೆ. ರನ್ನನಾದರೋ ಕಡೆಯ ದಿನವನ್ನೇ ಕಾವ್ಯದ ನೆಲೆಯನ್ನಾಗಿ ಮಾಡಿ, ಹಿಂದಿನ ಭಾರತಕಥೆಯನ್ನೆಲ್ಲ ಸಿಂಹಾವಲೋಕನಕ್ರಮದಿಂದ ಅದರೊಳಕ್ಕೆ ಬರಮಾಡುತ್ತಾನೆ. ಪಂಪನಲ್ಲಿ ಘಟನೆಯಾಗಿದ್ದುದು ಇಲ್ಲಿ ನೆನಪಾಗುತ್ತದೆ. ನೆನಪಾದೊಡನೆ ಅದು ದುರ್ಯೋಧನನ ಸ್ವತ್ತಾಗುತ್ತದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ಆ ದೊರೆಗೆ ದ್ರೋಣ, ದುಶ್ಶಾಸನ, ಕರ್ಣ, ಹೆತ್ತ ಮಗ ಲಕ್ಷಣಕುಮಾರ ಒಬ್ಬೊಬ್ಬರೂ ಹೆಣವಾಗಿ ಎದುರಾಗುತ್ತಾರೆ. ಅಭಿಮನ್ಯುವಿನ ಬಳಿಯಲ್ಲಿ ಅವನು ವೈರವನ್ನು ಮರೆತು ನಿಲ್ಲುತ್ತಾನೆ; ಆ ಹುಡುಗನ ಸಾಹಸದ ಒಂದಂಶವಾದರೂ ತನ್ನ ಮರಣಕ್ಕೆ ದೊರೆಯಲೆಂದು ಬೇಡುತ್ತಾನೆ. ಯಾವ ಆಕರದ ಪಟ್ಟಿಯೂ ಈ ನಿಲುಗಡೆಯನ್ನು ವಿವರಿಸಲಾರದು. ಮುಂದೆ ವೈಶಂಪಾಯನ ಸರೋವರದಲ್ಲಿ ಅಡಗಿದವನಿಗೆ ಭೀಮನ ಗರ್ಜನೆ ಕೇಳಿದಾಗ, ಸುತ್ತಲ ತಣ್ಣೀರೂ ಅವನ ಒಡಲ ಬೆವರನ್ನು ತಡೆಯಲಾರದಂತೆ ರನ್ನನು ಚಿತ್ರಿಸುವುದನ್ನು ಬಲ್ಲವರು, ಕಥೆ ಯಾರದಾದರೇನು ಎಂದು ಕೇಳಿಯಾರು.

ನಾಯಕನ ಬಿರುದು ಒಬ್ಬನಿಗೆ, ಕವಿಯ ಹೃದಯ ಇನ್ನೊಬ್ಬನಿಗೆ: ಈ ಇಬ್ಬಗೆಯನ್ನೂ ರನ್ನನು ಪಂಪನ ಕರ್ಣನಿಂದಲೇ ಕಲಿತಿರಬಹುದು. ಆದರೆ ಕರ್ಣನಿಗೆ ಮರುಕವನ್ನು ಗಳಿಸಿಕೊಡುವುದು ಅಷ್ಟೇನೂ ದುಷ್ಕರವಲ್ಲ. ದ್ಯೂತಸಭೆಯ ದುರ್ಯೋಧನನಿಗೆ ಅದನ್ನು ಗಳಿಸಿಕೊಡುವುದು ಬೇರೆಯ ಮಾತು.

ಕವಿ ತೆಗೆದುಕೊಂಡದ್ದನ್ನು ಎಣಿಸುವವರು ಬಿಟ್ಟದ್ದನ್ನು ಎಣಿಸುವುದಿಲ್ಲ. ‘ವೇಣೀಸಂಹಾರ’ದ ಎರಡನೆಯ ಅಂಕದಲ್ಲಿ, ಹೊರಗೆ ಯುದ್ಧ ನಡೆಯುತ್ತಿರುವಾಗ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗಿರುತ್ತಾನೆ. ಹನ್ನೊಂದನೆಯ ಶತಮಾನದ ಮಮ್ಮಟನು ಅದನ್ನು ಅಕಾಲದಲ್ಲಿ ಬೆಳೆಸಿದ ರಸವೆಂದು ದೋಷಗಳ ಸಾಲಿನಲ್ಲಿ ಸೇರಿಸಿದನು. ಅದಕ್ಕೆ ಮುಂಚೆಯೇ ಬರೆದ ರನ್ನನು ಆ ಶೃಂಗಾರವನ್ನು ಮುಟ್ಟಲಿಲ್ಲ. ಇಂಥ ನಿರಾಕರಣೆಯನ್ನೂ ಅವನ ಹೆಸರಿನಲ್ಲಿ ಜಮಾ ಮಾಡಬೇಡವೇ?

ಪಕ್ಷಪಾತದ ಆಕ್ಷೇಪ ಬಾರದಿರಲೆಂದು ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ತಂದದ್ದೆಲ್ಲವೂ ರನ್ನನಲ್ಲಿ ಜೀರ್ಣವಾಗಿಲ್ಲ. ನಾಟಕಸಂಪ್ರದಾಯದಿಂದ ಬಂದ ವಿದೂಷಕನು ಈ ಹೆಣಗಳ ಕಾವ್ಯದಲ್ಲಿ ದಾರಿ ತಪ್ಪಿ ಬಂದ ನೆಂಟನಂತೆ ಕಾಣುತ್ತಾನೆ. ಭೀಮ-ಸತ್ಯಾಶ್ರಯರ ಸ್ತುತಿಯೂ ಹಲವೆಡೆ ಆಸ್ಥಾನದ ಕಂದಾಯವನ್ನು ಸಲ್ಲಿಸಿದಂತಿದೆ. ಇಲ್ಲಿ ಸಾಲವು ಸಾಲವಾಗಿಯೇ ಉಳಿದಿದೆ. ಆನಂದವರ್ಧನನ ಮಾತಿನಲ್ಲಿ, ಚಿತ್ರವಿದೆ, ಜೀವವಿಲ್ಲ.

ಬಿ. ಎಂ. ಶ್ರೀಕಂಠಯ್ಯನವರು 1926ರ ‘ಗದಾಯುದ್ಧ ನಾಟಕಂ’ ಎಂಬ ಕೃತಿಯನ್ನು ಬಹುಮಟ್ಟಿಗೆ ರನ್ನನ ಪದ್ಯಗಳಿಂದಲೇ ಕಟ್ಟಿದರು. ಗ್ರೀಕ್ ದುರಂತನಾಟಕಗಳ ಅಭ್ಯಾಸದಿಂದ ಹದಗೊಂಡ ಅವರ ಕಣ್ಣಿಗೆ, ಹಳಗನ್ನಡದ ಈ ದುರ್ಯೋಧನನು ರಂಗಸ್ಥಳಕ್ಕೆ ಸಿದ್ಧನಾಗಿಯೇ ನಿಂತಿದ್ದನು. ಪಂಪನ ಹದಿಮೂರನೆಯ ಆಶ್ವಾಸ, ರನ್ನನ ಕಾವ್ಯ, ‘ಶ್ರೀ’ಯವರ ನಾಟಕ ಈ ಮೂರನ್ನೂ ಒಂದೇ ವರ್ಷದಲ್ಲಿ ಒಟ್ಟಿಗೆ ಓದಿಸುವ ಪಾಠಕ್ರಮವನ್ನು ನಮ್ಮ ಕಾಲೇಜುಗಳು ಪ್ರಯೋಗಿಸಿ ನೋಡಬಹುದು. ಆಗ ಜಮಾಖರ್ಚಿನ ಅಂಕಣದಲ್ಲಿ ರನ್ನನ ಹೆಸರನ್ನು ಯಾವ ಕಡೆಗೆ ಬರೆಯಬೇಕೆಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಲಿ.