ಉಪ್ಪು ಹೇಳಿದ ತಲೆಲೆಕ್ಕ

ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ‘ಸ್ಟಾಟಿಸ್ಟಿಕ್ಸ್ ಅಂಡ್ ಟ್ರೂತ್’ ಪುಸ್ತಕದಲ್ಲಿ ದೆಹಲಿಯ ಒಂದು ಪ್ರಸಂಗ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕ ನಿಂತಿರುವುದೇ ಅದರ ಮೇಲೆ. 1947ರ ಕೋಮುಗಲಭೆಯಲ್ಲಿ ಅಲ್ಪಸಂಖ್ಯಾತ ಸಮುದಾಯದ ಜನ ಕೆಂಪುಕೋಟೆಯೊಳಗೆ ಆಶ್ರಯ ಪಡೆದಿದ್ದರು. ಅವರಿಗೆ ಊಟ ಹಾಕುವ ಹೊಣೆ ಸರಕಾರದ್ದು, ದಿನಸಿ ಪೂರೈಸುವವರು ಗುತ್ತಿಗೆದಾರರು. ಒಳಗೆ ಎಷ್ಟು ಜನರಿದ್ದಾರೆಂದು ಯಾರಿಗೂ ಗೊತ್ತಿಲ್ಲ, ಹೋಗಿ ಎಣಿಸುವ ಸ್ಥಿತಿಯೂ ಇಲ್ಲ. ಬಿಲ್ಲು ಮಾತ್ರ ಏರುತ್ತಲೇ ಇತ್ತು.

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯೊಂದಿಗೆ ಬಹುಕಾಲ ಒಡನಾಟವಿದ್ದ ಜೆ.ಎಂ. ಸೇನ್‌ಗುಪ್ತ ದಾರಿ ತೋರಿಸಿದರು. ಒಬ್ಬರಿಗೆ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ಬೇಕೆಂಬುದು ಬಳಕೆಯ ಸಮೀಕ್ಷೆಗಳಿಂದ ತಿಳಿದಿತ್ತು. ಬಿಲ್ಲಿನ ಪ್ರಮಾಣವನ್ನು ಅದರಿಂದ ಭಾಗಿಸಿ ನೋಡಿದರೆ ಅಕ್ಕಿಯ ಲೆಕ್ಕದಲ್ಲಿ ಜನ ಅತಿ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಅತಿ ಕಡಿಮೆ! ಅಕ್ಕಿ ದುಬಾರಿ, ಉಬ್ಬಿಸಿ ಬರೆದರೆ ಲಾಭ. ಅಗ್ಗದ ಉಪ್ಪಿನಲ್ಲಿ ಸುಳ್ಳು ಹೇಳಿ ಗಿಟ್ಟುವುದೇನು? ಉಪ್ಪಿನ ಲೆಕ್ಕವನ್ನೇ ನಂಬಲಾಯಿತು.

ಜಾಣತನ ಮೆಚ್ಚುವಂಥದೇ. ಆದರೆ ಜೀವಭಯದಲ್ಲಿ ಕೂತ ಜನ ಸಮೀಕ್ಷೆಯ ಸರಾಸರಿಯಂತೆಯೇ ಉಂಡರೆಂದು ನಂಬುವುದು ಹೇಗೆ? ಇಲ್ಲಿಯೇ ವಿಧಾನದ ನಿಜವಾದ ಬಲ ಕಾಣುವುದು. ಹುಮಾಯೂನ್ ಸಮಾಧಿಯ ಬಳಿಯ ಚಿಕ್ಕ ಶಿಬಿರದಲ್ಲಿದ್ದವರ ಸಂಖ್ಯೆ ಸುಮಾರಾಗಿ ಗೊತ್ತಿತ್ತು. ಅದೇ ಲೆಕ್ಕವನ್ನು ಅಲ್ಲಿ ಹಾಕಿದಾಗ ಉತ್ತರ ಹೊಂದಿಕೊಂಡಿತು. ಗೊತ್ತಿರುವ ಕಡೆ ಪರೀಕ್ಷಿಸಿ ಆಮೇಲೆ ಗೊತ್ತಿಲ್ಲದ್ದನ್ನು ಹೇಳುವುದು: ಓದುಗರು ಉಪ್ಪಿನ ಚಮತ್ಕಾರವನ್ನು ನೆನಪಿಟ್ಟುಕೊಂಡು ಈ ಎರಡನೇ ಹೆಜ್ಜೆಯನ್ನು ಮರೆಯುತ್ತಾರೆ. ರಾವ್ ಕೂಡ ಅದರ ಮೇಲೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.

ಆ ಹೆಜ್ಜೆ ತಪ್ಪಿದರೆ ಏನಾಗುತ್ತದೆಂಬುದನ್ನು 2024ರ ಮೇ 29ರಂದು ಇದೇ ದೆಹಲಿ ತೋರಿಸಿತು. ಹರಿಯಾಣದ ಅಂಚಿನ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರದಲ್ಲಿ 52.9 ಡಿಗ್ರಿ ದಾಖಲಾಯಿತು. ರಾಜಸ್ಥಾನದ ಫಲೋದಿಯಲ್ಲಿ 2016ರಲ್ಲಿ ಕಂಡ 51 ಡಿಗ್ರಿಯ ದಾಖಲೆ ಮುರಿಯಿತೆಂದು ತಲೆಬರಹಗಳು ಹಾರಾಡಿದವು. ಅದೇ ದಿನ ದೆಹಲಿಯ ಮುಖ್ಯ ಹವಾಮಾನ ಕೇಂದ್ರವಾದ ಸಫ್ದರ್‌ಜಂಗ್‌ನಲ್ಲಿ ಇದ್ದದ್ದು 46.8. ಒಂದೇ ಊರಿನ ಎರಡು ಅಂಕಿಗಳ ನಡುವೆ ಆರು ಡಿಗ್ರಿಯ ಅಂತರ ಕಂಡರೆ ಮೊದಲು ಶಂಕಿಸಬೇಕಾದ್ದು ಉಪಕರಣವನ್ನು. ಹವಾಮಾನ ಇಲಾಖೆ ಅಂದೇ ಸಂಶಯ ವ್ಯಕ್ತಪಡಿಸಿತು. ನಂಬಬಹುದಾದ ಇನ್ನೊಂದು ಉಪಕರಣದೊಂದಿಗೆ ಹೋಲಿಸಿ, ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಕೆಲವೇ ದಿನಗಳಲ್ಲಿ ತಿಳಿಸಿತು. ಅಷ್ಟರಲ್ಲಿ ಸುದ್ದಿ ಲೋಕ ಸುತ್ತಿತ್ತು. (ಮೂರು ಕಳೆದರೂ ಉಳಿಯುವುದು ಐವತ್ತರ ಹತ್ತಿರ. ದಾಖಲೆ ಸುಳ್ಳಾಯಿತೇ ಹೊರತು ಸೆಕೆಯಲ್ಲ.)

ಚಳಿಗಾಲದ ಎಕ್ಯೂಐ (ಗಾಳಿಯ ಗುಣಮಟ್ಟ ಸೂಚ್ಯಂಕ) ತಲೆಬರಹಗಳ ರೋಗ ಬೇರೆ. ಅಲ್ಲಿ ಅಂಕಿ ಸುಳ್ಳಲ್ಲ, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಪತ್ರಿಕೆ ಹೇಳುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸಂಜೆ ನಾಲ್ಕಕ್ಕೆ ಕೊಡುವುದು ಹಿಂದಿನ 24 ಗಂಟೆಗಳ ಸರಾಸರಿ, ಅದೂ ಊರಿನ ಹಲವಾರು ಕೇಂದ್ರಗಳದ್ದು ಸೇರಿಸಿ. ಚಳಿಗಾಲದಲ್ಲಿ ರಾತ್ರಿ ಮತ್ತು ಬೆಳಗಿನ ಜಾವ ಗಾಳಿ ಹೆಚ್ಚು ಕೆಟ್ಟಿರುತ್ತದೆ, ಮಧ್ಯಾಹ್ನ ತುಸು ತಿಳಿಯಾಗುತ್ತದೆ. ನಿನ್ನೆಯ ಸರಾಸರಿ ಓದಿ ಮುಂಜಾನೆ ವಾಕಿಂಗ್ ಹೊರಡುವವರು ಆ ಸರಾಸರಿಗಿಂತ ಕೆಟ್ಟ ಗಾಳಿಗೇ ಮುಖವೊಡ್ಡುತ್ತಾರೆ. ಸರಕಾರಿ ಸೂಚ್ಯಂಕ 500ಕ್ಕೆ ನಿಲ್ಲುತ್ತದೆ. 2024ರ ನವೆಂಬರಿನಲ್ಲಿ ಖಾಸಗಿ ಆ್ಯಪ್‌ಗಳು ಸಾವಿರ ದಾಟಿಸಿದವು. ಅಳತೆಗೋಲು ಬೇರೆಯೆಂದು ಹೇಳದೆ ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿದರೆ ಓದುಗನಿಗೆ ಸರಕಾರವೋ ಆ್ಯಪ್ಪೋ ಸುಳ್ಳು ಹೇಳುತ್ತಿದೆ ಅನ್ನಿಸುತ್ತದೆ. ಮನೆಗೆ ಹತ್ತಿರದ ಕೇಂದ್ರದ ಈ ಗಂಟೆಯ ಪಿಎಂ 2.5 (ಸೂಕ್ಷ್ಮ ಕಣಗಳ) ಪ್ರಮಾಣ ಈ ಅಂಕಿಗಳಿಗಿಂತ ಹೆಚ್ಚು ಉಪಯೋಗಿ.

ಮತ್ತೆ ಪುಸ್ತಕಕ್ಕೆ ಬರೋಣ. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. ಅವರು ಕೊಟ್ಟ 1987ರ ರಾಮಾನುಜನ್ ಸ್ಮಾರಕ ಉಪನ್ಯಾಸಗಳೇ 1989ರಲ್ಲಿ ಪುಸ್ತಕವಾದವು. ಹೀಗಾಗಿ ಬರವಣಿಗೆ ಏಕರೂಪವಾಗಿಲ್ಲ: ಕತೆಯಂತೆ ಸಾಗುತ್ತಿದ್ದ ಮಾತಿನ ನಡುವೆ ಏಕಾಏಕಿ ಸೂತ್ರಗಳು ಎದ್ದುನಿಲ್ಲುತ್ತವೆ. ಇನ್ನೊಂದು ಕೊರತೆ, ಉದಾಹರಣೆಗಳಲ್ಲಿ ಬಹುಮಟ್ಟಿಗೆ ಸಂಖ್ಯಾಶಾಸ್ತ್ರಜ್ಞನೇ ಗೆಲ್ಲುತ್ತಾನೆ. ಕೈಯಲ್ಲಿ ಬಿಲ್ಲೂ ಇಲ್ಲದೆ, ಬರೀ ತಲೆಬರಹ ಹಿಡಿದು ಕೂತವನ ಪಾಡು ಅಷ್ಟಾಗಿ ಕಾಣಿಸುವುದಿಲ್ಲ. ಸೂತ್ರಗಳ ಪುಟಗಳನ್ನು ಹಾರಿಸಿ ಓದಿದರೂ ದೊಡ್ಡ ನಷ್ಟವಿಲ್ಲ. ಕೆಂಪುಕೋಟೆಯ ಭಾಗವನ್ನು ಮಾತ್ರ ಸುದ್ದಿಮನೆಗಳಲ್ಲಿ ತಲೆಬರಹ ಕೊಡುವವರು ಓದಲೇಬೇಕು.