ಬರೆಯುವವರ ಬೆನ್ನಿಗೆ ನಿಂತ ಸಂಘ

ಮೊದಲ ಪುಸ್ತಕ ಅಚ್ಚಾದ ಮೇಲೆ ಕವಿಯುವ ಮೌನ ಅನೇಕರ ಎರಡನೆಯ ಪುಸ್ತಕವನ್ನೇ ನುಂಗಿಬಿಡುತ್ತದೆ. ಯಾರಾದರೂ ಓದಿದರೇ? ಅಷ್ಟು ಗೊತ್ತಾದರೂ ಸಾಕು, ಪೆನ್ನು ಮತ್ತೆ ಕೈಗೆ ಬರುತ್ತದೆ. ಶಿವಮೊಗ್ಗದ ಕರ್ನಾಟಕ ಸಂಘದ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ. 1930ರಲ್ಲಿ ಹುಟ್ಟಿದ ಸಂಘ ಪ್ರತಿ ವರ್ಷ ನಾಡಿನ ಲೇಖಕರಿಂದ ಪುಸ್ತಕ ಆಹ್ವಾನಿಸಿ, ಓದಿಸಿ, ಬಹುಮಾನ ಕೊಡುತ್ತದೆ.

ಆ ಬಹುಮಾನಗಳ ಹೆಸರುಗಳನ್ನೇ ನೋಡಿ: ಕಾದಂಬರಿಗೆ ಕುವೆಂಪು, ಕವನಕ್ಕೆ ಜಿ.ಎಸ್. ಶಿವರುದ್ರಪ್ಪ, ಲೇಖಕಿಯರಿಗೆ ಎಂ.ಕೆ. ಇಂದಿರಾ, ನಾಟಕಕ್ಕೆ ಕೆ.ವಿ. ಸುಬ್ಬಣ್ಣ, ಮುಸ್ಲಿಂ ಬರಹಗಾರರಿಗೆ ಪಿ. ಲಂಕೇಶ್, ಮಕ್ಕಳ ಸಾಹಿತ್ಯಕ್ಕೆ ನಾ. ಡಿಸೋಜ. ಎಲ್ಲರೂ ಈ ಜಿಲ್ಲೆಯ ಮಣ್ಣಿನವರೇ! ಡಿಸೋಜರಂತೂ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಶರಾವತಿ ನದಿಯ ಅಣೆಕಟ್ಟಿನಿಂದಾದ ಮುಳುಗಡೆಯ ಬದುಕನ್ನು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಸಿದವರು. ಬಿಡುವಿಲ್ಲವೆಂದು ಬರವಣಿಗೆ ಮುಂದೂಡುವವರು ಅವರನ್ನು ನೆನೆಯಬೇಕು.

ಬರೆಯುವವರಿಗೆ ಬೇಕಾದ ಹಾಳೆಯನ್ನೂ ಈ ಜಿಲ್ಲೆ ಕೊಡುತ್ತಿತ್ತು. ಶಿವಮೊಗ್ಗದಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮರದ ತಿರುಳು, ಕಬ್ಬಿನ ಸಿಪ್ಪೆಗಳಿಂದ ಹಾಳೆ ತಯಾರಿಸಿತು. ಬರೆಯುವ ಹಾಳೆಯೂ ಪತ್ರಿಕೆಯ ಕಾಗದವೂ ಅಲ್ಲಿಂದ ಬರುತ್ತಿದ್ದವು. 2015ರ ಹೊತ್ತಿಗೆ ಯಂತ್ರಗಳು ನಿಂತದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕಾರ್ಖಾನೆ ನಿಂತರೂ ಸಂಘದ ಕೆಲಸ ನಿಂತಿಲ್ಲ. ದೊಡ್ಡ ಪ್ರಕಾಶಕರ ಬೆಂಬಲವಿಲ್ಲದ, ಯಾವುದೋ ಸಣ್ಣ ಊರಿನ ಶಿಕ್ಷಕಿಯೊಬ್ಬರು ತಮ್ಮ ಪುಸ್ತಕದ ಪ್ರತಿಗಳನ್ನು ಅಂಚೆಗೆ ಹಾಕಿ ಇಲ್ಲಿನ ತೀರ್ಪಿಗೆ ಧೈರ್ಯವಾಗಿ ಕಾಯಬಹುದು.